ಲೋಲಾಳ ಹುಳಿಸಾರು, ಟಯರ್ ಅಂಗಡಿಯವನ ಕಿವಿ

ಮಗಳ ಮನೆ

ವಿಮಾನದ ಬಗ್ಗೆ ನಾನು ಬರೆಯುವುದಿಲ್ಲ. ಕೂತೆ, ಕಾಲು ಊದಿತು, ಇಳಿದೆ. ಐರ್ಲೆಂಡ್ ಎಂಬ ದೇಶಕ್ಕೆ ನಾನು ಹೋದದ್ದು ಮಗಳು ರೇವತಿಯ ಬಾಣಂತನಕ್ಕೆ. ಕೂಸಿಗೆ ನಾಲ್ಕು ಎಣ್ಣೆಸ್ನಾನ ಮಾಡಿಸಿ ಬಂದುಬಿಡುವ ಎಂದು ಹೋದವಳು, ಕೊರೊನಾ ಬಂದು ವಿಮಾನ ನಿಂತು, ಅಲ್ಲೇ ಬಾಕಿಯಾದೆ. ಕುಂದಾಪುರದ ಮೀನುಪೇಟೆಯಲ್ಲಿ ನಾನು ಕೂರುವ ಜಾಗದಲ್ಲಿ ಅಷ್ಟು ದಿನ ಯಾರು ಬುಟ್ಟಿ ಇಟ್ಟರೋ ಎಂಬುದೇ ನನ್ನ ಚಿಂತೆಯಾಗಿತ್ತು. ಊರಿಗೆ ಬಂದ ಮೇಲೆ ಪೇಟೆಯ ಹೆಂಗಸರು ಅಲ್ಲಿ ಎಂತ ಕಂಡೆ, ಎಂತ ತಿಂದೆ ಎಂದು ದಿನಾ ಪೀಡಿಸಿದರು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿ ಬಾಯಿ ನೋವು ಬಂತು. ಅದಕ್ಕೆ ಬರೆದಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮಗಳ ಮನೆ ಇರುವುದು ಕ್ಲಾಂಡಾಲ್ಕಿನ್‌ನಲ್ಲಿ. ಡಬ್ಲಿನ್ ಪೇಟೆಯ ಪಡುಬದಿ. ಅಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನ ಇಡ್ಲಿಗಳ ಹಾಗೆ. ಒಮ್ಮೆ ಕಸ ಹಾಕಿ ಬಂದವಳು ಬೇರೆಯವರ ಬಾಗಿಲು ದಬ್ಬಿ, ಒಳಗೆ ಟಿವಿ ನೋಡುತ್ತಿದ್ದ ಗಂಡಸಿಗೆ "ಚಾ ಇಟ್ಟಿದ್ದೀಯಾ?" ಎಂದು ಕೇಳಿದ್ದೆ. ಅವನು ನಕ್ಕು ಕೈಬೀಸಿದ. ಮಳೆ ಬರುತ್ತದೆ ಎನ್ನುತ್ತಾರೆ. ಅದು ಮಳೆಯಲ್ಲ, ಯಾರೋ ಪಕ್ಕದಲ್ಲಿ ಒದ್ದೆ ಸೀರೆ ಕೊಡವಿದ ಹಾಗೆ. ಸದ್ದೂ ಇಲ್ಲ, ಕೊಡೆಯ ಮೇಲೆ ಪೆಟ್ಟೂ ಇಲ್ಲ.

ಆ ಊರಿನವರದ್ದು ಒಂದು ಅಭ್ಯಾಸ. ಏನು ಕೇಳಿದರೂ "ಗ್ರ್ಯಾಂಡ್" ಅನ್ನುತ್ತಾರೆ. ಚೆನ್ನಾಗಿದ್ದೇನೆ, ಪರವಾಗಿಲ್ಲ, ಆಯಿತು, ಹೋಗಲಿ ಬಿಡು, ಎಲ್ಲದಕ್ಕೂ ಅದೊಂದೇ ಮಾತು. ಪಕ್ಕದ ಮನೆಯ ಬ್ರಿಜೆಟ್ ಅಜ್ಜಿಗೆ ಮೊಣಕಾಲು ಹಿಡಿದಿತ್ತು, ವಯಸ್ಸಾದವರು ಹೊರಗೆ ಬರಬಾರದೆಂದು ಸರ್ಕಾರ ಹೇಳಿತ್ತು, ಸಾಲದ್ದಕ್ಕೆ ಬೆಕ್ಕು ಸತ್ತಿತ್ತು. ಗೋಡೆಯಾಚೆಯಿಂದ ಹೇಗಿದ್ದೀರಿ ಎಂದರೆ "ಗ್ರ್ಯಾಂಡ್" ಎಂದಳು. ನಮ್ಮಲ್ಲಿ ಬೆಕ್ಕು ಸತ್ತರೆ ಮೂರು ಕೇರಿಗೆ ಗೊತ್ತಾಗುತ್ತದೆ.

ಬಂದ ಹೊಸದರಲ್ಲಿ, ಇನ್ನೂ ಕೊರೊನಾ ಗಲಾಟೆ ಶುರುವಾಗುವ ಮೊದಲು, ಪೆಟ್ಟಿಗೆಯಲ್ಲಿ ತಂದಿದ್ದ ಒಣ ಸಿಗಡಿಯನ್ನು ಒಂದು ದಿನ ಹುರಿದೆ. ಬ್ರಿಜೆಟ್ ಬಂದು ನಿಮ್ಮ ಮನೆಯ ಚರಂಡಿ ಒಡೆದಿದೆಯೇ ಎಂದು ವಿಚಾರಿಸಿದಳು. ಇಲ್ಲ, ಇದು ಅಡುಗೆ ಎಂದು ರೇವತಿ ಹೇಳಿದಳು. "ಗ್ರ್ಯಾಂಡ್, ಗ್ರ್ಯಾಂಡ್" ಎನ್ನುತ್ತ ಹೋದ ಅಜ್ಜಿ ಸಂಜೆ ಒಬ್ಬ ಪ್ಲಂಬರನನ್ನು ಕಳಿಸಿದಳು. ಎದುರು ನಿಂತು ದೂರುವುದು ಆ ಜನಕ್ಕೆ ಬರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗಲೇ ರೇವತಿಗೂ ನನಗೂ ಒಂದು ಜಗಳ ಆಗಿತ್ತು. ಮೀನಿನ ಬುಟ್ಟಿ ಹೊತ್ತದ್ದು ಸಾಕು, ಇನ್ನು ಮನೆಯಲ್ಲಿ ಕೂರು ಎಂದು ಅವಳ ಹಟ.

"ಕೈಕಾಲು ಹೋಯ್ಲಿ, ಕಣ್ಣು ಹೋಯ್ಲಿ," ಎಂದಿದ್ದೆ ನಾನು. "ಮೂಗು ಇಪ್ಪಲ್ಲಿವರೆಗೆ ಬುಟ್ಟಿ ಬಿಡೂದಿಲ್ಲ. ಮೂಗು ಹೋದ ದಿನ ನೀ ಹೇಳ್ದಾಂಗೆ ಕೇಳ್ತೆ."

ಬಾಯಿಗೆ ಬಂದದ್ದು ಆಡಿದೆ. ಏಪ್ರಿಲ್‌ನಲ್ಲಿ ಮನೆಗೆಲ್ಲ ಜ್ವರ ಬಂತು. ಕೂಸಿಗೆ ಏನೂ ಆಗಲಿಲ್ಲ. ರೇವತಿಗೂ ಅಳಿಯ ಕಿರಣನಿಗೂ ವಾಸನೆ ಹೋಗಿ ಬಂತು. ನನ್ನದು ಹೋಯಿತು, ಬರಲಿಲ್ಲ. ಅದರ ಬೆನ್ನಿಗೆ ನಾಲಿಗೆಯೂ ಹೋಯಿತು. ಮೊದಲಿಗೆ ನನಗೆ ತಿಳಿಯಲೇ ಇಲ್ಲ. ಸಿಗಡಿಯ ಕಟ್ಟು ಬಿಚ್ಚಿ ಮೂಸಿದೆ, ಏನೂ ಇಲ್ಲ. ಮಾರಿದವಳಿಗೆ ಬಾಯಿಗೆ ಬಂದ ಹಾಗೆ ಬೈದು, ಕಟ್ಟನ್ನು ಪೂರ್ತಿ ಕಸದ ಡಬ್ಬಿಗೆ ಸುರಿದೆ. ಒಳ್ಳೆಯ ಸಿಗಡಿ ಅದು. ಮರುದಿನ ಕಿರಣನ ಮೈಸೂರು ಇಂಗಿನ ಡಬ್ಬಿ ಮೂಗಿಗೆ ಹಿಡಿದಾಗಲೇ ಗೊತ್ತಾದದ್ದು, ಹಾಳಾದದ್ದು ಸಿಗಡಿಯಲ್ಲ ಎಂದು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಬುಟ್ಟಿ ಹೋಯಿತು. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಇಂಗಿನ ಡಬ್ಬಿ ಮೂಸುವುದು, ಮುಚ್ಚಿಡುವುದು. ಸಾರಿಗೆ ಉಪ್ಪನ್ನು ಚಮಚದ ಲೆಕ್ಕದಲ್ಲಿ ಹಾಕುವುದು. ಹೀಗೇ ಬೇಸಿಗೆ ಬಂತು.

ಕಾಲುವೆಯ ದಂಡೆ

ಬೇಸಿಗೆ ಎಂದರೆ ಅಲ್ಲಿ ಸ್ವೆಟರಿನ ಒಂದು ಗುಂಡಿ ಬಿಚ್ಚುವುದು. ಆ ಹೊತ್ತಿಗೆ ಹೋಟೆಲುಗಳು ಮತ್ತೆ ತೆರೆಯಬಹುದು ಎಂದು ಸರ್ಕಾರ ಹೇಳಿತು. ರೇವತಿ ನರ್ಸು. ಅವಳ ಜೊತೆ ಕೆಲಸ ಮಾಡುವ ಜೋಸಿ ಎಂಬವಳು ಫಿಲಿಪೀನ್ಸಿನವಳು. ಅವಳ ಮನೆಯವರದ್ದೇ ಒಂದು ಸಣ್ಣ ಹೋಟೆಲು. ನಮಗೆ ಜ್ವರ ಬಂದಾಗ ಇದೇ ಜೋಸಿ ಗಂಜಿಯನ್ನೂ ಹುರಿದ ಶ್ಯಾವಿಗೆಯನ್ನೂ ತಂದು ಬಾಗಿಲ ಮುಂದಿಟ್ಟು, ಬೆಲ್ ಒತ್ತಿ, ಓಡಿ ಗೇಟಿನಾಚೆ ನಿಂತು ಕೈಬೀಸಿ ಹೋಗುತ್ತಿದ್ದಳು. ಹೋಟೆಲು ತೆರೆದ ವಾರ ನೀವೆಲ್ಲ ಊಟಕ್ಕೆ ಬರಲೇಬೇಕು, ಅಮ್ಮನನ್ನೂ ಕರೆದುಕೊಂಡು ಬಾ ಎಂದು ಫೋನು ಮಾಡಿದಳು.

ಕಾಲುವೆಯ ದಂಡೆಯಲ್ಲಿ ಕೂಸಿನ ಗಾಡಿ ತಳ್ಳಿಕೊಂಡು ಹೊರಟೆವು. ಅಲ್ಲಿ ಕಾಲುವೆಯ ನೀರು ಹರಿಯುವುದಿಲ್ಲ, ನಿಂತಿರುತ್ತದೆ. ಬಿಳಿ ಹಂಸಗಳು ತೇಲುತ್ತವೆ. ನೋಡಲು ಚಂದ, ಹತ್ತಿರ ಹೋದರೆ ಕಚ್ಚಲು ಬರುತ್ತವೆ, ನಾಯಿಗಿಂತ ಕಡೆ. ದಾರಿಯಲ್ಲಿ ಎದುರು ಬರುವವರು ಕೊರೊನಾಕ್ಕೆ ಹೆದರಿ ಹುಲ್ಲಿಗಿಳಿದು ದಾರಿ ಬಿಡುತ್ತಾರೆ, ಬಿಡುತ್ತಲೇ ಇವತ್ತಿನ ಹವೆಯ ಬಗ್ಗೆ ಎರಡು ಮಾತು ಆಡುತ್ತಾರೆ. ಪರಿಚಯ ಇಲ್ಲದವರ ಜೊತೆ ಮೋಡದ ವಿಷಯ ಮಾತಾಡುವ ಜನವನ್ನು ನಾನು ದೋಣಿ ಇಳಿಯುವ ದಕ್ಕೆಯಲ್ಲಿ ಮಾತ್ರ ಕಂಡದ್ದು.

ಕಿರಣನಿಗೆ ಬೇರೆಯೇ ಚಿಂತೆ. ಅವನು ಮೈಸೂರಿನವನು, ಮೇನೂತ್ ಎಂಬಲ್ಲಿ ಓದಲು ಬಂದು ಅಲ್ಲೇ ನಿಂತವನು. ಮೀನು ಮಾಂಸ ಮುಟ್ಟುವವನಲ್ಲ. ನನ್ನ ಮಗಳನ್ನು ಹೇಗೆ ಕಟ್ಟಿಕೊಂಡನೋ ಅವನಿಗೇ ಗೊತ್ತು.

"ಅತ್ತೆ, ಅಲ್ಲಿ ನಂಗೆ ಅನ್ನ ಬಿಟ್ರೆ ಬೇರೆ ಏನೂ ಸಿಗಲ್ಲ ಅನ್ಸತ್ತೆ," ಎಂದ.

"ಅನ್ನ ಸಿಕ್ತಲ್ಲ, ಸಾಕು," ಎಂದೆ. "ಈ ದೇಶದಗೆ ಅದೇ ದೊಡ್ಡದು."

"ಇವಳಿಗೆ ಏನೂ ಅನ್ಸಲ್ಲ ಬಿಡಿ. ಬೋನ್ಸ್ ಕೊಟ್ರೂ ತಿಂತಾಳೆ."

"ಮುಳ್ಳು," ಎಂದಳು ರೇವತಿ. "ಮೀನಿಗೆ ಇಪ್ಪುದು ಮುಳ್ಳು. ಮದುವೆಯಾಗಿ ಇಷ್ಟು ವರ್ಷ ಆದ್ರೂ ಕಲೀಲಿಲ್ಲ."

ಬಾಗಿಲು

ಹೋಟೆಲು ಇದ್ದದ್ದು ಕಾರ್ಖಾನೆಗಳ ಸಾಲಿನ ತುದಿಯಲ್ಲಿ. ಒಂದು ಪಕ್ಕ ಕ್ಷೌರದಂಗಡಿ, ಇನ್ನೊಂದು ಪಕ್ಕ ಟಯರ್ ಅಂಗಡಿ. ಬಾಗಿಲಲ್ಲೇ ಕೈಗೆ ಔಷಧಿ ಸುರಿದರು, ಹೆಸರು ಫೋನು ಬರೆಸಿಕೊಂಡರು. ಒಳಗೆ ಮೇಜುಗಳನ್ನು ದೂರ ದೂರ ಎಳೆದಿದ್ದರು. ಗೋಡೆಯ ಮೇಲೆ ನನ್ನಷ್ಟೇ ಎತ್ತರದ ಮರದ ಚಮಚ, ಮರದ ಮುಳ್ಳುಚಮಚ. ಇದು ಯಾವ ದೇವರ ಆಯುಧ ಎಂದು ಕೇಳಿದೆ. ದೇವರದ್ದಲ್ಲ, ನಮ್ಮ ಎಲ್ಲರ ಮನೆಯ ಊಟದ ಕೋಣೆಯಲ್ಲೂ ಇರುತ್ತದೆ ಎಂದು ಜೋಸಿ ರೇವತಿಯ ಮೂಲಕ ಹೇಳಿದಳು. ದೇವರು ಬೇರೆ ಇದ್ದ. ಮೂಲೆಯ ಗೂಡಿನಲ್ಲಿ ಕೆಂಪು ಅಂಗಿ ತೊಟ್ಟ ಬಾಲಯೇಸು, ಪಕ್ಕದಲ್ಲಿ ಮಿಣಮಿಣ ದೀಪ.

ಜೋಸಿ ಬಂದವಳೇ ನನ್ನ ಮುಂದೆ ಬಗ್ಗಿದಳು. ಅವರಲ್ಲಿ ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುವುದು ಪದ್ಧತಿಯಂತೆ. ಕೊರೊನಾದಲ್ಲಿ ಕೈ ಹಿಡಿಯುವ ಹಾಗಿಲ್ಲ. ನಾನು ಇಲ್ಲಿಂದ ಗಾಳಿಯಲ್ಲಿ ಕೈ ಚಾಚಿದೆ, ಅವಳು ಅಲ್ಲಿಂದ ಗಾಳಿಗೇ ಹಣೆ ಕೊಟ್ಟಳು. ನಮ್ಮಲ್ಲಿ ಕಾಲಿಗೆ ಬೀಳುವವರು ಅರ್ಧಕ್ಕೇ ಬಗ್ಗಿ ಮಂಡಿ ಮುಟ್ಟಿ ಎದ್ದುಬಿಡುತ್ತಾರೆ. ಇವಳು ಮುಟ್ಟದೆಯೇ ಪೂರ್ತಿ ಬಗ್ಗಿದಳು.

ಅಡುಗೆ ಮಾಡುವವಳು ಜೋಸಿಯ ತಾಯಿ. ಅವಳನ್ನು ಎಲ್ಲರೂ ಲೋಲಾ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅಜ್ಜಿ ಎಂದೇ ಅರ್ಥವಂತೆ. ನನ್ನ ಪ್ರಾಯದವಳು, ನನಗಿಂತ ಗಿಡ್ಡ, ಕಾಲು ನನ್ನಂತೆಯೇ ಬಿಲ್ಲು. ಅಡುಗೆಮನೆಯ ಪರದೆಯ ಬಳಿ ನಿಂತು, ಮಾಸ್ಕಿನ ಮೇಲಿಂದ ಬರೀ ಕಣ್ಣಿನಲ್ಲಿ ನಕ್ಕಳು.

ಅವಳದ್ದೂ ನಮ್ಮದೇ ಕಥೆ ಎಂದು ಜೋಸಿ ಹೇಳಿದಳು. ನಮ್ಮದು ಇಳಿದ ಮೇಲೆ, ಏಪ್ರಿಲ್ ಕೊನೆಗೆ, ಅವರ ಮನೆಗೂ ಜ್ವರ ಬಂದಿತ್ತು. ಈಗ ಜೋಸಿಯ ಗಂಡ, ಅತ್ತೆಗೆ ಆಯಾಸ, ಹುಳಿಸಾರಿಗೆ ಅಂಗಡಿಯ ಪ್ಯಾಕೆಟ್ ಪುಡಿ ತರೋಣ ಎನ್ನುತ್ತಾನೆ. ಲೋಲಾ ಕೇಳುವುದಿಲ್ಲ. ನನ್ನ ನಾಲಿಗೆ ಇರುವವರೆಗೆ ಈ ಅಡುಗೆಮನೆಗೆ ಪ್ಯಾಕೆಟ್ ಬರಕೂಡದು ಎಂದಿದ್ದಾಳಂತೆ.

"ಯಾರ ಹಾಂಗೆ?" ಎಂದು ರೇವತಿ ನನ್ನ ಮುಖ ನೋಡಿದಳು.

ನಾನು ಬಾಲಯೇಸುವಿನ ದೀಪ ನೋಡುತ್ತ ಕೂತೆ.

ಮೇಜು

ಮೇಜಿನ ಮೇಲೆ ಬಾಳೆಎಲೆ ಹಾಸಿದರು. ಆ ದೇಶದಲ್ಲಿ ಬಾಳೆಎಲೆ ಕಂಡು ನಾನು ಕೈಯಿಂದ ಸವರಿ ನೋಡಿದೆ. ಐಸಿನಲ್ಲಿಟ್ಟು ಎಲ್ಲಿಂದಲೋ ತರಿಸಿದ್ದು, ಅಂಚು ಕಪ್ಪಾಗಿತ್ತು. ಆದರೆ ಚೌಕಕ್ಕೆ ಕತ್ತರಿಸಿದ್ದರಿಂದ ಕುಡಿಯೇ ಇಲ್ಲ. ಕುಡಿ ಎಡಕ್ಕೆ ಬರಬೇಕಲ್ಲ, ಇದರಲ್ಲಿ ಎಡ ಯಾವುದು ಎಂದು ನಾನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

"ಅತ್ತೆ, ಇಲ್ಲಿ ನಾಲ್ಕೂ ಸೈಡು ಒಂದೇ. ಇಟ್ಬಿಡಿ," ಎಂದ ಕಿರಣ.

ಕೊರೊನಾಕ್ಕಿಂತ ಮೊದಲು ಇಷ್ಟುದ್ದ ಒಂದೇ ಎಲೆ ಹಾಸಿ, ನಡುವೆ ಅನ್ನ ಸುರಿದು, ಸುತ್ತ ಮೀನು ಮಾಂಸ ಇಟ್ಟು, ಬಂದವರೆಲ್ಲ ಎರಡೂ ಬದಿಯಲ್ಲಿ ನಿಂತು ಒಟ್ಟಿಗೆ ಕೈ ಹಾಕಿ ತಿನ್ನುತ್ತಿದ್ದರಂತೆ. ಈಗ ಹಾಗೆ ಮಾಡುವಂತಿಲ್ಲ, ಒಬ್ಬೊಬ್ಬರಿಗೆ ಒಂದೊಂದು ತುಂಡು ಎಲೆ ಎಂದು ಜೋಸಿ ಬೇಜಾರು ಮಾಡಿಕೊಂಡಳು.

"ಒಳ್ಳೇದೇ ಆಯ್ತು ಅಂತ ಹೇಳು ಅವಳಿಗೆ," ಎಂದೆ ರೇವತಿಗೆ. "ಎಂಜಲು ಅಂದ್ರೆ ಎಂತ ಅಂತ ನಾವು ಹೇಳಿದ್ರೆ ಯಾರೂ ಕೇಳ್ತಿರ್ಲಿಲ್ಲ. ಕೊರೊನಾ ಹೇಳ್ತು, ಕೇಳಿದ್ರು."

ರೇವತಿ ಅದನ್ನು ಹೇಗೆ ತಿರುಗಿಸಿ ಹೇಳಿದಳೋ, ಜೋಸಿ ನನಗೆ ಧನ್ಯವಾದ ಹೇಳಿದಳು.

ಅನ್ನ ಗುಡ್ಡೆಯಾಗಿ ಬಂತು. ಹುರಿದ ಮೀನು, ತಲೆ ಬಾಲ ಸಮೇತ. ಆ ದೇಶದ ಬೇರೆ ಅಂಗಡಿಗಳಲ್ಲಿ ಮೀನಿಗೆ ತಲೆಯೇ ಇರುವುದಿಲ್ಲ, ಬಿಳಿ ಸೋಪಿನ ತುಂಡಿನ ಹಾಗೆ ಮಾರುತ್ತಾರೆ. ಇಲ್ಲಿ ಕಣ್ಣು ಕಂಡು ಸಮಾಧಾನವಾಯಿತು. ಹಂದಿ ಮಾಂಸ ಬಂತು, ನಾನು ಬೇಡವೆಂದೆ. ಕಿರಣನಿಗೆ ಬದನೆಕಾಯಿ ಸುಟ್ಟು ಕೊಟ್ಟರು. ಸುಟ್ಟ ಬದನೆಕಾಯಿ ನೋಡಿ ಅವನ ಮುಖ ಅರಳಿದಷ್ಟು ಮದುವೆಯ ದಿನವೂ ಅರಳಿರಲಿಲ್ಲ. ಹಸಿ ಮಾವಿನಕಾಯಿ ಹೋಳು ಬಂತು, ನಂಚಿಕೊಳ್ಳಲು ಗುಲಾಬಿ ಬಣ್ಣದ ಸಿಗಡಿ ಚಟ್ನಿ. ಉಪ್ಪು ಹಾಕಿ ತಿಂಗಳಾನುಗಟ್ಟಲೆ ಕೊಳೆಸಿಟ್ಟದ್ದು. ಅದರ ಬಟ್ಟಲು ಮೇಜಿಗೆ ಬಂದದ್ದೇ ತಡ, ಕಿರಣ ಇಳಿಸಿದ್ದ ಮಾಸ್ಕನ್ನು ಮತ್ತೆ ಏರಿಸಿಕೊಂಡ. ನಾನು ಬಟ್ಟಲು ಹತ್ತಿರ ತಂದು ನಿಧಾನವಾಗಿ ಉಸಿರೆಳೆದೆ. ಇಂಗಿಗೆ ಏಳದ ಮೂಗು ಇದಕ್ಕಾದರೂ ಎದ್ದೀತೆಂಬ ಆಸೆ. ಏನೂ ಇಲ್ಲ. ಬಾಗಿಲು ಹಾಕಿದ ಗೋದಾಮು.

ಕೊನೆಗೆ ಹುಳಿಸಾರು ಬಂತು. ದೊಡ್ಡ ಬಟ್ಟಲಲ್ಲಿ ಮೀನಿನ ತುಂಡು, ಮೂಲಂಗಿ, ಕೆಸುವಿನ ಗೆಡ್ಡೆ, ಹುಣಸೆಯ ಹುಳಿ. ನಮ್ಮ ಹುಳಿಯಂತೆಯೇ, ಮೆಣಸು ತೆಂಗಿನಕಾಯಿ ಇಲ್ಲ ಅಷ್ಟೆ. ನಾನು ಅನ್ನಕ್ಕೆ ಸುರಿದು ಕಲಸಿ ಉಂಡೆ. ಬೆಚ್ಚಗಿನ ನೀರು, ಮೆತ್ತಗಿನ ತರಕಾರಿ. ಆ ದಿನಗಳಲ್ಲಿ ನನಗೆ ಎಲ್ಲ ಊಟವೂ ಅಷ್ಟೇ. ಬಾಯಲ್ಲಿ ಬಿಸಿ ತಣ್ಣಗೆ, ಮೆದು ಗಟ್ಟಿ, ಬೇರೆ ಸುದ್ದಿಯಿಲ್ಲ.

"ಲಾಯ್ಕಿತ್ತು," ಎಂದು ಜೋಸಿಗೆ ಕೇಳುವಂತೆ ಹೇಳಿ ಇನ್ನೊಂದು ಸೌಟು ಹಾಕಿಸಿಕೊಂಡೆ.

ರೇವತಿ ಒಂದು ಚಮಚ ಬಾಯಿಗೆ ಹಾಕಿದವಳು ಹಾಗೇ ಕೂತಳು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಆಮೇಲೆ ನೀರಿನ ಲೋಟಕ್ಕೆ ಕೈ ಹಾಕಿದಳು. ನಮ್ಮಿಂದ ದೂರದ ಮೇಜಿನಲ್ಲಿ ಒಬ್ಬ ಒಬ್ಬಂಟಿ ಗಂಡಸು ಅದೇ ಸಾರು ಕುಡಿಯುತ್ತಿದ್ದ. ಡೆಕ್ಲನ್ ಅಂತ, ಪಕ್ಕದ ಟಯರ್ ಅಂಗಡಿಯವನು, ದಿನಾ ಮಧ್ಯಾಹ್ನ ಇಲ್ಲೇ ಅವನ ಊಟ. ಒಂದು ಚಮಚ ಕುಡಿದ. ಅವನ ಕಿವಿಗಳು ಸುಟ್ಟ ಹೆಂಚಿನ ಹಾಗೆ ಕೆಂಪಾದವು. ಜೋಸಿ ಹೇಗಿದೆ ಎಂದು ಕೇಳಿದಳು.

"ಗ್ರ್ಯಾಂಡ್," ಎಂದ ಡೆಕ್ಲನ್, ಕಣ್ಣಲ್ಲಿ ನೀರು ತುಂಬಿಕೊಂಡು.

ಜೋಸಿ ಆ ಕಡೆ ಹೋದದ್ದೇ ರೇವತಿ ನನ್ನತ್ತ ಬಾಗಿದಳು. "ಅಮ್ಮ, ಉಪ್ಪು ಸಮುದ್ರದ ಹಾಂಗಿತ್ತಲ್ದಾ? ನೀ ಹ್ಯಾಂಗೆ ಉಣ್ತಿದ್ದೆ?"

"ಎಂತ ಉಪ್ಪು? ಸಮ ಇತ್ತಲ್ಲ."

ಅವಳು ಚಮಚ ಕೆಳಗಿಟ್ಟಳು. ನರ್ಸುಗಳ ನೋಟ ಒಂದುಂಟು, ಕಾಯಿಲೆಯವರನ್ನು ನೋಡುವ ನೋಟ. ಅದನ್ನು ನನ್ನ ಮೇಲೆ ಬಿಟ್ಟಳು.

"ಅಮ್ಮ, ನಿಂಗೆ ಗೊತ್ತಾತಿಲ್ಯಾ?"

"ಟಾಯ್ಲೆಟ್ ಎಲ್ಲಿತ್ತು?" ಎಂದು ನಾನು ಎದ್ದೆ.

ಅಡುಗೆಮನೆ

ಆ ದೇಶದ ಜನ ಇಡೀ ಊಟ ಕೆಟ್ಟಿದ್ದರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡುವವಳು ಅಲ್ಲಿ ನಾನೊಬ್ಬಳೇ, ನನಗೆ ರುಚಿ ಗೊತ್ತಿಲ್ಲ. ಹೀಗಿತ್ತು ಆ ಹೋಟೆಲಿನ ಸ್ಥಿತಿ.

ಪರದೆಯ ಬಳಿ ಲೋಲಾ ನಿಂತಿದ್ದಳು. ಟಾಯ್ಲೆಟ್ ಎಂದೆ. ಅವಳು ಕೈ ಎತ್ತಲಿಲ್ಲ, ಗಲ್ಲ ಮುಂದೆ ಮಾಡಿದಳು, ಮಾಸ್ಕು ಒಮ್ಮೆ ಉಬ್ಬಿ ಇಳಿಯಿತು. ಮತ್ತೆ ಕೇಳಿದೆ. ಮತ್ತೆ ಮಾಸ್ಕು ಉಬ್ಬಿತು. ಆ ಜನ ದಿಕ್ಕು ತೋರಿಸುವುದು ತುಟಿಯಿಂದ, ಮುತ್ತು ಕೊಡುವವರ ಹಾಗೆ ತುಟಿ ಚೂಪು ಮಾಡಿ ಎಡಕ್ಕೋ ಬಲಕ್ಕೋ ತಿರುಗಿಸುತ್ತಾರೆ ಎಂದು ನನಗೆ ರೇವತಿ ಹೇಳಿದ್ದು ಆಮೇಲೆ. ಮಾಸ್ಕಿನೊಳಗೆ ತುಟಿ ಎತ್ತ ಹೋಯಿತೆಂದು ಯಾರಿಗೆ ಕಾಣುತ್ತದೆ? ಅಷ್ಟು ತಿಂಗಳು ಮಾಸ್ಕು ಹಾಕಿಯೂ ಅವಳಿಗೆ ಆ ಅಭ್ಯಾಸ ಬಿಟ್ಟಿರಲಿಲ್ಲ. ನಾನು ಅಂದಾಜಿನ ಮೇಲೆ ಒಂದು ಬಾಗಿಲು ದಬ್ಬಿದೆ.

ಅದು ಸಾಮಾನಿನ ಕೋಣೆ. ಅಕ್ಕಿ ಮೂಟೆ, ಎಣ್ಣೆ ಡಬ್ಬ, ವಿನೆಗರ್ ಬಾಟಲಿ. ಅದರಾಚೆ ಇನ್ನೊಂದು ಬಾಗಿಲು, ಅರ್ಧ ತೆರೆದಿತ್ತು. ಇಣುಕಿದೆ. ಅಡುಗೆಮನೆ. ಅಷ್ಟರಲ್ಲಿ ಲೋಲಾ ಒಳಗೆ ಬಂದಿದ್ದಳು. ಯಾರೂ ಇಲ್ಲವೆಂದುಕೊಂಡು ಮಾಸ್ಕು ಕೆಳಗೆಳೆದು, ಆ ಗುಲಾಬಿ ಸಿಗಡಿ ಚಟ್ನಿಯ ಜಾಡಿಯನ್ನು ಮೂಗಿನ ಕೆಳಗೆ ಹಿಡಿದಳು. ಕಣ್ಣು ಮುಚ್ಚಿದಳು. ಉಸಿರೆಳೆದಳು. ಕಾದಳು. ಜಾಡಿಯನ್ನು ಒಮ್ಮೆ ಅಲ್ಲಾಡಿಸಿ ಮತ್ತೆ ಹಿಡಿದಳು. ಮತ್ತೆ ಕಾದಳು.

ಇಂಗಿನ ಡಬ್ಬಿ ಹಿಡಿದು ನಾನು ದಿನಾ ಬೆಳಿಗ್ಗೆ ಮಾಡುತ್ತಿದ್ದದ್ದು ಅದನ್ನೇ. ಅಲ್ಲಾಡಿಸುವುದನ್ನೂ ಬಿಡದೆ.

ನಾನು ಒಳಗೆ ಹೋದೆ. ಅವಳು ಬೆಚ್ಚಿ ಜಾಡಿ ಹಿಂದೆ ಬಚ್ಚಿಟ್ಟಳು. ನಾನು ಕೈಸನ್ನೆ ಮಾಡಿ ಜಾಡಿ ಈಚೆ ಕೊಡು ಎಂದೆ. ಕೊಟ್ಟಳು. ನನ್ನ ಮಾಸ್ಕು ಇಳಿಸಿ, ಮೂಗನ್ನು ಜಾಡಿಯ ಬಾಯಿಗೆ ತುರುಕಿ, ಅವಳಿಗೆ ಕಾಣುವಂತೆ ಜೋರಾಗಿ ಉಸಿರೆಳೆದೆ. ಮುಖ ಕಿವುಚಲಿಲ್ಲ. ಆಮೇಲೆ ಮೂಗು ಮುಟ್ಟಿ ಕೈ ಆಡಿಸಿದೆ: ಹೋಗಿದೆ.

ಲೋಲಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಸದ್ದು ಹೊರಗೆ ಹೋಗದಂತೆ ಒರಸುವ ಬಟ್ಟೆ ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಕುಲುಕಿಸಿ ನಕ್ಕಳು. ನನಗೂ ತಡೆಯಲಾಗಲಿಲ್ಲ. ಎರಡು ಮುದುಕಿಯರು ಸಾರಿನ ಹಂಡೆಯ ಎರಡು ಬದಿ ನಿಂತು ಸದ್ದಿಲ್ಲದೆ ನಗುವುದು, ನೋಡಿದವರು ಏನೆನ್ನಬೇಕು. ನಕ್ಕು ಮುಗಿದ ಮೇಲೆ ಅವಳು ಹೊರಗಡೆ ಗಲ್ಲ ತಿರುಗಿಸಿ "ಜೋಸಿ" ಎಂದಳು, ಬೆರಳು ಅಡ್ಡ ಆಡಿಸಿದಳು. ಜೋಸಿಗೆ ಹೇಳಬೇಡ. ನಾನು ನನ್ನ ಬುಟ್ಟಿ ತಲೆಯ ಮೇಲಿಡುವ ಸನ್ನೆ ಮಾಡಿ "ರೇವತಿ" ಎಂದೆ, ಬೆರಳು ಅಡ್ಡ ಆಡಿಸಿದೆ. ಬುಟ್ಟಿ ಅವಳಿಗೆ ಅರ್ಥವಾಯಿತೋ ಇಲ್ಲವೋ, ಮಗಳು ಎಂಬುದು ಅರ್ಥವಾಯಿತು.

ಈಗ ಸಾರಿನ ಕೆಲಸ. ಅವಳು ಅವಳ ಭಾಷೆ, ನಾನು ಕನ್ನಡ. ಉಪ್ಪಿನ ಡಬ್ಬಿ ತೋರಿಸಿ ರೇವತಿಯ ಮುಖ ಮಾಡಿದೆ, ಡೆಕ್ಲನ್ನನ ಮುಖ ಮಾಡಿದೆ. ಲೋಲಾ ಹಣೆ ಬಡಿದುಕೊಂಡಳು. ಹೋಟೆಲು ಮುಚ್ಚಿದ್ದಾಗ ಮಾರಿದ ಪಾರ್ಸೆಲ್ ಸಾರಿಗೆ ಅವಳೂ ಚಮಚದ ಲೆಕ್ಕದಲ್ಲೇ ಉಪ್ಪು ಹಾಕುತ್ತಿದ್ದವಳು. ಇವತ್ತು ಜನ ಬಂದ ಗಡಿಬಿಡಿಯಲ್ಲಿ, ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿರಬೇಕು. ಅಕ್ಕಿ ತೊಳೆದ ನೀರು ಸುರಿದಳು. ನಾನು ಕೆಸುವಿನ ಗೆಡ್ಡೆ ಹೆಚ್ಚಿ ಹಾಕಿದೆ. ಉಪ್ಪು ಎಳೆಯಲು ಅವರೂ ನಾವೂ ಮಾಡುವುದು ಒಂದೇ.

ಕುದಿಯಿತು. ಈಗ ಸರಿಯಾಯಿತೇ ಎಂದು ನೋಡುವವರು ಯಾರು? ರೇವತಿಯನ್ನು ಕರೆದರೆ ನನ್ನ ಗುಟ್ಟು ಹೋಗುತ್ತದೆ. ಜೋಸಿಯನ್ನು ಕರೆದರೆ ಇವಳದ್ದು. ಕಿರಣ ನಿಜ ಹೇಳುವವನು, ಮೀನಿನ ಸಾರು ಮುಟ್ಟುವುದಿಲ್ಲ. ಡೆಕ್ಲನ್ ಮುಟ್ಟುತ್ತಾನೆ, ನಿಜ ಹೇಳುವುದಿಲ್ಲ.

ಪರದೆಯ ಸಂದಿಯಿಂದ ಅವನನ್ನೇ ನೋಡುತ್ತಿದ್ದ ನನಗೆ ಹೊಳೆಯಿತು. ಬಾಯಿ ತಾನೇ ಸುಳ್ಳು ಹೇಳುವುದು. ಲೋಲಾಳ ತೋಳು ಎಳೆದು ಅವನ ಕಿವಿ ತೋರಿಸಿದೆ. ಇನ್ನೂ ಕೆಂಪಗಿತ್ತು.

ಲೋಲಾ ಒಂದು ಬಟ್ಟಲು ಹೊಸ ಸಾರು ತುಂಬಿಸಿ ತಾನೇ ಹೋಗಿ ಅವನ ಮುಂದಿಟ್ಟು ಹಳೆಯದನ್ನು ಎತ್ತಿಕೊಂಡು ಬಂದಳು. ಪಾಪದ ಮನುಷ್ಯ, ಬೇಡ ಎನ್ನಲು ಬರಲಿಲ್ಲ. ಉಸಿರು ಬಿಗಿಹಿಡಿದು ಒಂದು ಚಮಚ ಕುಡಿದ. ಕಿವಿ ಮತ್ತೆ ಕೆಂಪಾಯಿತು, ಆದರೆ ಹೆಂಚಿನಷ್ಟಲ್ಲ, ದಾಸವಾಳದಷ್ಟು.

"ಗ್ರ್ಯಾಂಡ್," ಎಂದ.

"ಆಯ್ಲಿಲ್ಲ," ಎಂದೆ ನಾನು ಪರದೆಯ ಹಿಂದೆ. ಇನ್ನಷ್ಟು ನೀರು, ಇನ್ನಷ್ಟು ಗೆಡ್ಡೆ. ನೀರು ಹೆಚ್ಚಾಗಿ ಹುಳಿ ತೆಳುವಾಯಿತೆಂದು ಲೋಲಾ ಹುಣಸೆರಸ ಹಿಂಡಿದಳು. ಮತ್ತೊಂದು ಬಟ್ಟಲು ಹೋಯಿತು. ಡೆಕ್ಲನ್ ಇವತ್ತು ಯಾವ ಹಬ್ಬ ಎಂಬಂತೆ ನೋಡಿದ. ಕುಡಿದ. ಕಿವಿ ಹಾಗೇ ಇತ್ತು. ಇನ್ನೊಂದು ಚಮಚ ಕುಡಿದ. ಕೆಂಪು ಇಳಿದು ಚರ್ಮದ ಬಣ್ಣಕ್ಕೆ ಬಂತು. ಆಮೇಲೆ ಚಮಚ ಬದಿಗಿಟ್ಟು, ಬಟ್ಟಲನ್ನೇ ಎತ್ತಿ ಬಾಯಿಗಿಟ್ಟ. ಈ ಸಲ ಅವನು ಗ್ರ್ಯಾಂಡ್ ಎನ್ನಲಿಲ್ಲ. ತಳ ಕಾಣುವವರೆಗೆ ಕುಡಿದ. ಲೋಲಾ ನನ್ನ ಬೆನ್ನಿಗೆ ಒಂದು ಗುದ್ದಿದಳು.

ಮತ್ತೆ ಮೇಜು

ಹೊಸ ಸಾರು ನಮ್ಮ ಮೇಜಿಗೂ ಬಂತು. ರೇವತಿ ರುಚಿ ನೋಡಿ ಹುಬ್ಬು ಏರಿಸಿದಳು, ಉಣ್ಣಲು ಶುರುಮಾಡಿದಳು. ಆದರೆ ನನ್ನನ್ನು ಬಿಡಲಿಲ್ಲ.

"ಇಷ್ಟು ಹೊತ್ತು ಟಾಯ್ಲೆಟ್ಟಗೆ ಎಂತ ಮಾಡ್ತಿದ್ದೆ?"

"ಅಲ್ಲಿಗೆ ಹೋಯ್ಲೇ ಇಲ್ಲ."

"ಮತ್ತೆ?"

"ಕೂಸು ಕೊಡು ಇಲ್ಲಿ. ನೀ ಉಣ್ಣು."

ಕೂಸನ್ನು ಹೆಗಲಿಗೆ ಹಾಕಿಕೊಂಡೆ. ಎಲೆಯ ಮೇಲೆ ನನ್ನ ಅನ್ನ ತಣ್ಣಗಾಗುತ್ತಿತ್ತು. ಇವಳು ಕೇಳಿಯೇ ಕೇಳುತ್ತಾಳೆ, ನಾನು ಹೇಳಿಯೇ ಹೇಳಬೇಕಾಗುತ್ತದೆ, ಬುಟ್ಟಿಯ ಋಣ ತೀರಿತು ಎಂದುಕೊಳ್ಳುತ್ತಿದ್ದೆ. ಆಗ ಏನೋ ಬಂತು. ಎಲ್ಲಿಂದಲೋ ದೂರದಿಂದ ಬಂದ ಹಾಗೆ, ಒಂದು ಎಳೆ. ತಲೆ ತಿರುಗಿಸಿದೆ, ಹೋಯಿತು. ಮತ್ತೆ ಕೂಸಿನ ಕಡೆ ಬಾಗಿದೆ, ಬಂತು.

"ಕೂಸು ಕಕ್ಕ ಮಾಡಿತ್ತು," ಎಂದೆ.

"ಇಲ್ಲ ಅತ್ತೆ, ಬರೋ ಮುಂಚೆ ತಾನೇ ಚೇಂಜ್ ಮಾಡಿದ್ದು," ಎಂದ ಕಿರಣ. "ಅದು ಆ ಸಿಗಡಿ ಚಟ್ನಿ ಸ್ಮೆಲ್ಲು."

"ಸಿಗಡಿಯಲ್ಲ. ಸಿಗಡಿ ನಂಗೆ ಗೊತ್ತಿತ್ತು. ಇದು ಕಕ್ಕ."

"ನಂಗೇನೂ ಬರ್ತಿಲ್ವಲ್ಲ."

"ನಿಂದು ಮೈಸೂರು ಮೂಗು. ಬಿಚ್ಚಿ ಕಾಣ್."

ಒಳಗೊಯ್ದು ಬಿಚ್ಚಿದ. ಹೊರಗೆ ಬಂದವನು ಹೌದೆಂದು ತಲೆ ಆಡಿಸಿದ. ನಾನು ಗಟ್ಟಿಯಾಗಿ ನಕ್ಕೆ. ನನ್ನ ಜೀವಮಾನದಲ್ಲಿ ಯಾವ ಸಂಪಿಗೆ ಹೂವಿಗೂ ಹಾಗೆ ನಕ್ಕವಳಲ್ಲ. ತಕ್ಷಣ ಚಟ್ನಿಯ ಬಟ್ಟಲು ಎಳೆದು ಮೂಸಿದೆ. ಒಂದು ಮೂಲೆಯಲ್ಲಿ, ಸಣ್ಣಗೆ, ಕೊಳೆತ ಸಮುದ್ರ. ನನ್ನ ಮುಖ ಕಿವುಚಿತು.

ರೇವತಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. "ಏಪ್ರಿಲಿಂದ ಮೂಗು ಇರ್ಲಿಲ್ಯಾ ನಿಂಗೆ? ಮುಚ್ಚಿಟ್ಟಿದ್ಯಾ?"

"ಇರ್ಲಿಲ್ಲ. ಈಗ ಬಂತಲ್ಲ."

"ನಾನು ನರ್ಸು, ಅಮ್ಮ. ನಂಗಾದ್ರೂ ಹೇಳ್ಲಿಕ್ಕಾಗ್ತಿರ್ಲಿಲ್ಯಾ?"

"ನೀ ನರ್ಸು ಅಂತ ಮುಚ್ಚಿಟ್ಟದ್ದಲ್ಲ. ಬುಟ್ಟಿ ಕಸ್ಕಂಬವಳು ಅಂತ ಮುಚ್ಚಿಟ್ಟದ್ದು."

ಅವಳು ನನ್ನ ಎಲೆಗೆ ಬಿಸಿ ಸಾರು ಹಾಕಿದಳು. "ಉಣ್ಣು. ಉಪ್ಪು ಸಮ ಇತ್ತಾ ಹೇಳು," ಎಂದಳು. ಬುಟ್ಟಿಯ ಮಾತು ಮತ್ತೆ ಎತ್ತಲಿಲ್ಲ.

ಹೊರಡುವಾಗ ಕೂಸಿನ ಕಕ್ಕದ ಡೈಪರ್ ಸುತ್ತಿದ ಪೊಟ್ಟಣ ಎಸೆಯಲು ಹಿತ್ತಲಿನ ಕಸದ ಡಬ್ಬಿಗೆ ಹೋದೆ. ಲೋಲಾ ಅಲ್ಲಿ ಸಿಪ್ಪೆ ಸುರಿಯುತ್ತಿದ್ದಳು. ನಾನು ನನ್ನ ಮೂಗು ಮುಟ್ಟಿ ಬೆರಳೆತ್ತಿ ತೋರಿಸಿದೆ: ಬಂತು. ಅವಳ ಕಣ್ಣು ದೊಡ್ಡದಾಯಿತು. ಯಾವುದರಿಂದ ಎಂದು ಪೊಟ್ಟಣ ಬಿಚ್ಚಿ ತೋರಿಸಿದೆ. ಅವಳು ಮಾಸ್ಕು ಇಳಿಸಿ, ಭಕ್ತಿಯಿಂದ ಬಗ್ಗಿ ಮೂಸಿದಳು. ಕಾದಳು. ಇಲ್ಲವೆಂದು ತಲೆ ಆಡಿಸಿದಳು. ನಾನು ಪೊಟ್ಟಣ ಅಲ್ಲಾಡಿಸಿ ಮತ್ತೆ ಹಿಡಿದೆ. ಮತ್ತೆ ಇಲ್ಲ. ಅವಳು ನನ್ನ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು, ಕೊರೊನಾ ಇದ್ದರೂ. ನನಗಿಂತ ಹಿರಿಯಳಿರಬಹುದು, ಕೇಳಲಿಲ್ಲ.

ಊರು

ವಿಮಾನ ಸಿಗುವವರೆಗೆ ವಾರ ವಾರ ಆ ಅಡುಗೆಮನೆಗೆ ಹೋದೆ. ಅಮ್ಮನಿಗೆ ಲೋಲಾಳ ಜೊತೆ ಬೇಜಾರು ಕಳೆಯುತ್ತದೆ ಎಂದು ರೇವತಿ ಜೋಸಿಗೆ ಹೇಳಿದಳು. ಅವಳಿಗೆ ನಾನು ನಿಜ ಹೇಳಿದ್ದೆ, ಅವಳು ಜೋಸಿಗೆ ಹೇಳಲಿಲ್ಲ. ನನ್ನ ಮಗಳು ಅಷ್ಟು ಮಟ್ಟಿಗೆ ಅಡ್ಡಿಯಿಲ್ಲ. ನನಗೆ ಬಂದ ಅರೆಬರೆ ನಾಲಿಗೆಯಲ್ಲಿ ನಾನು ಉಪ್ಪು ನೋಡುತ್ತಿದ್ದೆ, ಲೋಲಾ ಹುಳಿ ಹಿಂಡುತ್ತಿದ್ದಳು. ಪ್ಯಾಕೆಟ್ ಆ ಮನೆಗೆ ಬರಲಿಲ್ಲ. ಆದರೂ ಪ್ರತಿ ಸಲ ನಾನು ಸರಿ ಎಂದ ಮೇಲೂ ಅವಳು ಪರದೆ ಸರಿಸಿ ಡೆಕ್ಲನ್ನನ ಕಿವಿ ನೋಡಿಯೇ ಹಂಡೆ ಇಳಿಸುತ್ತಿದ್ದಳು.

ಊರಿಗೆ ಬಂದೆ. ನನ್ನ ಜಾಗದಲ್ಲಿ ಬೇರೊಬ್ಬಳು ಬುಟ್ಟಿ ಇಟ್ಟಿದ್ದಳು. ಎತ್ತಿಸಿದೆ. ಮೂಗು ಈಗ ಮೊದಲಿನಷ್ಟೇ ಇದೆ. ಹಳಸಿದ ಬಂಗುಡೆ ಮೂರು ಬುಟ್ಟಿ ಆಚೆಯಿದ್ದರೂ ಗೊತ್ತಾಗುತ್ತದೆ.

ಮೊನ್ನೆ ರೇವತಿ ಫೋನು ಮಾಡಿದಳು. ಲೋಲಾ ಅಡುಗೆಮನೆಯಿಂದ ಹೊರಗೋಡಿ ಬಂದು, ಇದು ಯಾರು ಒಣಮೀನು ಸೀಯಿಸುತ್ತಿದ್ದೀರಿ, ಇಡೀ ಬೀದಿ ನಾರುತ್ತಿದೆ ಎಂದು ಎಲ್ಲರಿಗೂ ಬೈದಳಂತೆ. ಒಲೆಯ ಮೇಲಿದ್ದದ್ದು ಅವಳದ್ದೇ ಬಾಣಲೆ.

"ಹಾಂಗಾರೆ ಇನ್ನು ಡೆಕ್ಲನ್ನನ ಕಿವಿಗೆ ರಜೆ," ಎಂದೆ.

"ಎಲ್ಲಿ ರಜೆ," ಎಂದಳು ರೇವತಿ. "ನಿನ್ನೆಯೂ ಪರದೆ ಸರಿಸಿ ಕಾಣ್ತಿದ್ಲು."

ನೋಡಲಿ. ಮೂಗು ಅವಳಿಗೆ ಒಮ್ಮೆ ಕೈ ಕೊಟ್ಟಿದೆ. ಅವನ ಕಿವಿ ಇನ್ನೂ ಕೊಟ್ಟಿಲ್ಲ.